ಮೊದಲ ಮಾದರಿಗೆ ಮಾರುತ್ ಅಲ್ಲ, ಪುಷ್ಪಕ್

ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ವಿಮಾನ ಎಂದರೆ ಯುದ್ಧವಿಮಾನ. ಥರ್ಮಾಕೋಲ್‌ನಲ್ಲಿ ಕೊರೆದ ತೇಜಸ್, ಇಲ್ಲವೇ ಮಾರುತ್. ಎಚ್‌ಎಎಲ್‌ಗಾಗಿ ಕುರ್ಟ್ ಟ್ಯಾಂಕ್ ವಿನ್ಯಾಸ ಮಾಡಿದ, 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿದ ಮಾರುತ್‌ನ ಹಿರಿಮೆಯನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಕಿಟ್ ಇಲ್ಲದೆ, ನಕ್ಷೆಯಿಂದಲೇ ಹಾರುವ ಮಾದರಿ ಕಟ್ಟಲು ಹೊರಟವರ ಮುಂದೆ ಮೊದಲಿಗೇ ಅದನ್ನು ಇಡುವುದು ತಪ್ಪು. ಮಾರುತ್‌ಗಿಂತ ಸುಮಾರು ಮೂರು ವರ್ಷ ಮೊದಲೇ, 1958ರ ಸೆಪ್ಟೆಂಬರ್ 28ರಂದು, ಅದೇ ಎಚ್‌ಎಎಲ್ ಹಾರಿಸಿದ ಪುಷ್ಪಕ್ ನಮ್ಮ ಮಾತಿನಲ್ಲಿ ಬರುವುದೇ ಇಲ್ಲ. ಈ ಮರೆವನ್ನು ನಾನು ಒಪ್ಪಲಾರೆ.

ಪುಷ್ಪಕ್ ಪೂರ್ತಿ ಸ್ವಂತ ವಿನ್ಯಾಸವಲ್ಲ, ಅಮೆರಿಕದ ಏರಾಂಕಾ ಚೀಫ್‌ನ ಜಾಡಿನದು ಎನ್ನುವುದು ನಿಜ. 90 ಅಶ್ವಶಕ್ತಿಯ ಎಂಜಿನ್, ಪಕ್ಕಪಕ್ಕದ ಎರಡು ಆಸನ, ಕೊಳವೆಯ ಚೌಕಟ್ಟಿಗೆ ಹೊದಿಸಿದ ಬಟ್ಟೆ. ಫ್ಲೈಯಿಂಗ್ ಕ್ಲಬ್‌ಗಳ ಕಲಿಕೆಯ ವಿಮಾನ. ಮೊದಲ ಮಾದರಿಗೆ ಬೇಕಾದ ಗುಣಗಳೆಲ್ಲ ಇಲ್ಲೇ ಇವೆ: ಎತ್ತರದಲ್ಲಿ ಕೂತ ನೇರ ರೆಕ್ಕೆ, ಸರಳ ಒಡಲು, ಮುಂದೆ ಪ್ರೊಪೆಲ್ಲರ್.

ಲೆಕ್ಕವೂ ಇದನ್ನೇ ಹೇಳುತ್ತದೆ. ಪುಷ್ಪಕ್‌ನ ರೆಕ್ಕೆಯ ಹರಹು 10.97 ಮೀಟರ್, ಗರಿಷ್ಠ ತೂಕ 612 ಕಿಲೊ. ಹತ್ತಕ್ಕೆ ಒಂದರ ಅಳತೆಯಲ್ಲಿ ಹರಹು ಸುಮಾರು 110 ಸೆಂಟಿಮೀಟರ್ ಆಗುತ್ತದೆ. ಆದರೆ ರೆಕ್ಕೆಯ ವಿಸ್ತೀರ್ಣ ಇಳಿಯುವುದು ನೂರರಲ್ಲಿ ಒಂದಕ್ಕೆ, ತೂಕ ಇಳಿಯುವುದು ಸಾವಿರದಲ್ಲಿ ಒಂದಕ್ಕೆ. ಅಂದರೆ 612 ಗ್ರಾಂಗೆ. ಮೋಟರ್, ಬ್ಯಾಟರಿ, ಸರ್ವೊ, ರಿಸೀವರ್‌ಗೆ ಸುಮಾರು 250 ಗ್ರಾಂ ಹೋದರೂ ಒಡಲಿಗೆ, ರೆಕ್ಕೆಗೆ 360 ಗ್ರಾಂ ಉಳಿಯುತ್ತದೆ. ಸನ್‌ಬೋರ್ಡ್, ಬಿದಿರಿನ ಕಡ್ಡಿ, ಥರ್ಮಾಕೋಲ್ ಕರಗಿಸದ ಫೆವಿಕಾಲ್: ಊರಿನಲ್ಲೇ ಸಿಗುವ ಈ ಸಾಮಾನಿನಲ್ಲಿ ಅಷ್ಟು ತೂಕದೊಳಗೆ ಕಟ್ಟಬಹುದು. ಪೂರ್ತಿ ಭಾರದಲ್ಲಿ ಹತ್ತು ಟನ್ ದಾಟುತ್ತಿದ್ದ ಮಾರುತ್‌ಗೆ ಇದೇ ಲೆಕ್ಕ ಹಾಕಿದರೆ ಮಾದರಿ ಹತ್ತು ಕಿಲೊ ದಾಟುತ್ತದೆ. ಹಗುರ ಮಾಡಿ, ಹಿಂದೆ ಪ್ರೊಪೆಲ್ಲರ್ ಸಿಕ್ಕಿಸಿ ಹಾರಿಸುವವರೂ ಇದ್ದಾರೆ. ಆಗ ಉಳಿಯುವುದು ಮಾರುತ್‌ನ ನೆರಳುಚಿತ್ರ ಮಾತ್ರ. ಅದರ ರಚನೆಯಿಂದ ಕಲಿತದ್ದು ಏನೂ ಇರುವುದಿಲ್ಲ.

ಇನ್ನು ಎಲ್ಲರೂ ಹೊಗಳುವ ಝೆರಾಕ್ಸ್ ವಿಧಾನ. ಪುಸ್ತಕದಲ್ಲಿನ ಮೂರು ನೋಟದ ನಕ್ಷೆಯನ್ನು ಹಿಗ್ಗಿಸಿ, ಹಾಳೆ ಅಂಟಿಸಿ, ಅದರ ಮೇಲೇ ಕತ್ತರಿಸುವುದು. ಇದು ಸುಲಭವಾಗಿ ಕಂಡಷ್ಟೂ ಮೋಸಗೊಳಿಸುತ್ತದೆ. 11 ಸೆಂಟಿಮೀಟರ್ ಹರಹಿನ ಚಿತ್ರವನ್ನು ಹತ್ತು ಪಟ್ಟು ಮಾಡಿದರೆ 0.3 ಮಿಲಿಮೀಟರ್ ಗೆರೆ 3 ಮಿಲಿಮೀಟರ್ ಆಗುತ್ತದೆ. ಕತ್ತರಿಸುವುದು ಗೆರೆಯ ಒಳಗೋ, ಹೊರಗೋ? ಎಡ ರೆಕ್ಕೆ ಒಳಗೆ, ಬಲ ರೆಕ್ಕೆ ಹೊರಗೆ ಕತ್ತರಿಸಿದರೆ ವಿಮಾನ ಹಾರುವ ಮೊದಲೇ ಸೊಟ್ಟ. ಯಂತ್ರ ಒಂದು ದಿಕ್ಕಿನಲ್ಲಿ ಕೊಂಚ ಹೆಚ್ಚು ಹಿಗ್ಗಿಸಿದರೂ ಕಣ್ಣಿಗೆ ಕಾಣದು. ಅಡ್ಡಕೊಯ್ತದ ಆಕಾರವನ್ನಂತೂ ಈ ಮೂರು ನೋಟಗಳು ಪೂರ್ತಿ ಹೇಳುವುದೇ ಇಲ್ಲ. ನಕ್ಷೆಯಿಂದ ಅನುಪಾತ ತೆಗೆದು, ಪ್ರಕಟಿತ ಅಳತೆಯೊಂದಿಗೆ ತಾಳೆ ನೋಡಿ, ಗ್ರಾಫ್ ಹಾಳೆಯಲ್ಲಿ ಮಧ್ಯರೇಖೆ ಎಳೆದು, ಅರ್ಧವನ್ನೇ ಬರೆದು ಮಡಚಿ ಕತ್ತರಿಸಬೇಕು. ರೆಕ್ಕೆಯ ಅಗಲ ಸುಮಾರು 15 ಸೆಂಟಿಮೀಟರ್. ಮುಂಭಾಗದ ಅಂಚಿನಿಂದ ಅದರ ಕಾಲು ಭಾಗದಷ್ಟು ಹಿಂದೆ, ಸುಮಾರು 3.7 ಸೆಂಟಿಮೀಟರಿಗೆ, ತೂಕದ ಕೇಂದ್ರ ಗುರುತಿಸಬೇಕು. ಬ್ಯಾಟರಿಯ ಜಾಗ ತೀರ್ಮಾನವಾಗುವುದು ಈ ಗುರುತಿನಿಂದ. ಯೋಜನೆ ಎಂದರೆ ಇದು.

ಬಾಲದ ಜಗಳ ಇಲ್ಲೇ ಹುಟ್ಟುತ್ತದೆ. ಅಡ್ಡಬಾಲವನ್ನು ಹತ್ತು ಹದಿನೈದು ಶೇಕಡಾ ದೊಡ್ಡದು ಮಾಡಿದರೆ ಅಳತೆಗೆ ದ್ರೋಹ ಎನ್ನುತ್ತಾರೆ ಕೆಲವು ತೀರ್ಪುಗಾರರು, ಅಂಕ ಕಳೆಯುತ್ತಾರೆ. ರಿವೆಟ್ ಎಣಿಸುವ ಈ ಕಣ್ಣಿಗೆ ಗಾಳಿ ಕಾಣುವುದಿಲ್ಲ. ರೆಕ್ಕೆಯನ್ನು ಹತ್ತರಲ್ಲಿ ಒಂದಕ್ಕೆ ಇಳಿಸಬಹುದು, ಗಾಳಿಯ ಅಂಟುಗುಣವನ್ನು ಇಳಿಸಲಾಗದು. ಸಣ್ಣ ರೆಕ್ಕೆಯ ಮೇಲೆ, ಕಡಿಮೆ ವೇಗದಲ್ಲಿ, ಹರಿವು ಬೇಗ ಕಳಚಿಕೊಳ್ಳುತ್ತದೆ. ಬಾಲದ ಹಿಡಿತ ಸಡಿಲವಾಗುತ್ತದೆ. ಅದನ್ನು ಅರಿತು ತಿದ್ದಿದವರೇ ಮೂಲಕ್ಕೆ ನಿಷ್ಠರು, ಏಕೆಂದರೆ ಮೂಲ ವಿಮಾನವು ಹಾರುತ್ತಿತ್ತು. ತಿದ್ದುಪಡಿಯನ್ನು ನಕ್ಷೆಯ ಮೇಲೆ ಬರೆದಿಟ್ಟರೆ ಸಾಕು, ಅದರಲ್ಲಿ ಮುಚ್ಚುಮರೆ ಏನೂ ಇಲ್ಲ.

ಕೊಯ್ಲು ಮುಗಿದ ಭತ್ತದ ಗದ್ದೆಯಲ್ಲಿ, ವಿದ್ಯುತ್ ತಂತಿಯಿಂದ ದೂರ, ನಿಧಾನವಾಗಿ ಹಾರುವ ಪುಷ್ಪಕ್ ಕಲಿಸುವಷ್ಟನ್ನು ಮೇಜಿನ ಮೇಲಿನ ಮಾರುತ್ ಕಲಿಸಲಾರದು. ಅದು ಕೈಗೆ ಹತ್ತಿದ ಮೇಲೆ, 1972ರಲ್ಲಿ ಹಾರಿದ ಕೃಷಿ ವಿಮಾನ ಬಸಂತ್‌ಗೆ ಹೋಗಬಹುದು. ಔಷಧ ಸಿಂಪಡಿಸುವ ಡ್ರೋನ್ ನೋಡುತ್ತಿರುವ ನಮ್ಮ ಕಾಲುವೆ ಸೀಮೆಗೆ ಅದು ಒಪ್ಪುವ ಎರಡನೆಯ ಪಾಠ. ಮಾರುತ್ ಮೂರನೆಯದೋ ನಾಲ್ಕನೆಯದೋ ಆಗಲಿ. ಅಲ್ಲಿಯವರೆಗೆ ಪ್ರದರ್ಶನದ ತೀರ್ಪುಗಾರರು ಬಣ್ಣಕ್ಕೆ ಕೊಡುವ ಅಂಕದಲ್ಲಿ ಅರ್ಧವನ್ನಾದರೂ ತೂಕದ ಪಟ್ಟಿಗೆ, ಕೈಯಿಂದ ಬರೆದ ನಕ್ಷೆಗೆ ಕೊಡಲಿ.