ಶಾಲೆಯ ಬಾಗಿಲು ಯಾರಿಗೆ? ಮಿಷನ್ ಶಾಲೆಗಳ ಪ್ರವೇಶನೀತಿಯ ಒಂದು ವಿಮರ್ಶೆ

ಶತಮಾನೋತ್ಸವದ ಸ್ಮರಣ ಸಂಚಿಕೆ ನಮ್ಮ ಸಭಾಚರಿತ್ರೆಯಲ್ಲಿ ಒಂದು ಪ್ರತ್ಯೇಕ ಸಾಹಿತ್ಯಪ್ರಕಾರವಾಗಿಯೇ ಬೆಳೆದಿದೆ. ಮಿಷನ್ ಶಾಲೆಯೊಂದರ ಸಂಚಿಕೆಯನ್ನು ತೆರೆದರೆ ಮೊದಲು ಸ್ಥಾಪಕರ ಭಾವಚಿತ್ರ, ಅನಂತರ ನಿವೇಶನ ಕೊಡಿಸಿದ ಅಧಿಕಾರಿಯ ಹೆಸರು, ಹಣ ಕಳುಹಿಸಿದ ದೂರದೇಶದ ಸಭೆಯ ಹೆಸರು, ಅಡಿಗಲ್ಲಿನ ತಾರೀಖು. ಮೊದಲ ವರ್ಷ ಬೆಂಚಿನ ಮೇಲೆ ಯಾರು ಕುಳಿತರು, ಯಾರು ಜಗಲಿಯಲ್ಲಿ ನಿಂತು ಪಾಠ ಕೇಳಿದರು, ಯಾರನ್ನು ಹಿಂದಕ್ಕೆ ಕಳುಹಿಸಲಾಯಿತು ಎಂಬುದು ಆ ಪುಟಗಳಲ್ಲಿ ವಿರಳ. ಶಾಲೆಯೊಂದರ ದೈವಶಾಸ್ತ್ರವನ್ನು ಅದರ ಹಾಜರಿ ಪುಸ್ತಕದಲ್ಲಿ ಓದಬೇಕೆಂಬುದು ನಮ್ಮ ಅಭಿಪ್ರಾಯ. ಈ ಬರಹದಲ್ಲಿ ಹಾಗೆ ಓದಲು ಯತ್ನಿಸಿದ್ದೇವೆ.

ಬಾಸೆಲ್ ಮಿಷನ್ನಿನ ಬೋಧಕರು ಮಂಗಳೂರಿಗೆ ಬಂದದ್ದು 1834ರಲ್ಲಿ. ಎರಡು ವರ್ಷದೊಳಗೆ ಅಲ್ಲಿ ಕನ್ನಡ ಶಾಲೆ ಆರಂಭವಾಯಿತು. ಸ್ವಲ್ಪ ಕಾಲದಲ್ಲೇ ಇಂಗ್ಲಿಷ್ ಶಾಲೆಯೂ ಬಂತು. ಬಲ್ಮಠದ ಗುಡ್ಡದ ನಿವೇಶನವನ್ನು ಮಿಷನ್ನಿಗೆ ಒದಗಿಸಿದವರು ಕಲೆಕ್ಟರ್ ಬ್ಲೇರ್. ಅದೇ ಗುಡ್ಡದ ಮೇಲೆ ಇಂದಿಗೂ ನಮ್ಮ ಸಭಾಪಾಲಕರು ತರಬೇತಿ ಪಡೆಯುತ್ತಾರೆ ಎಂಬುದನ್ನು ಇಲ್ಲಿ ನೆನೆಯಬೇಕು. ದಾನಿಗಳೆಲ್ಲರೂ ಕಲೆಕ್ಟರರಾಗಿರಲಿಲ್ಲ. 1855ರಲ್ಲಿ ಬಾಸೆಲಿನಲ್ಲಿ ಕಾರ್ಲ್ ಸರಸಿನ್ ಎಂಬ ಗೃಹಸ್ಥರು ಅರ್ಧ ಬಾತ್ಸನ್ ಕಾಣಿಕೆಯನ್ನು ಆರಂಭಿಸಿದರು. ಸಾಮಾನ್ಯ ಮನೆಗಳವರು ವಾರಕ್ಕೊಮ್ಮೆ ಒಂದು ಚಿಕ್ಕ ನಾಣ್ಯವನ್ನು ಎತ್ತಿಟ್ಟು ಕೊಡುವ ಏರ್ಪಾಟು ಅದು. ಕನ್ನಡನಾಡಿನ ಎಷ್ಟೋ ಶಾಲೆಗಳ ಗೋಡೆಯಲ್ಲಿ ಆ ನಾಣ್ಯಗಳಿವೆ.

ಆದರೆ ಇಂಗ್ಲಿಷ್ ಶಾಲೆಯ ಬೆಂಚಿನಲ್ಲಿ ಮುಖ್ಯವಾಗಿ ಕುಳಿತವರು ಮೇಲ್ಜಾತಿಯ ಮಕ್ಕಳು. ವಿಶ್ವಾಸಿಗಳ ಮಕ್ಕಳಿಗೆ, ಅನಾಥರಿಗೆ ಬೇರೆ ಶಾಲೆ. ಈ ಎರಡು ಬಾಗಿಲಿನ ವ್ಯವಸ್ಥೆಗೆ ಬೋಧಕರು ಕೊಡುತ್ತಿದ್ದ ಕಾರಣ ಸುವಾರ್ತೆಯದೇ: ಮೇಲಿನವರು ಬಂದರೆ ವಾಕ್ಯ ಕೇಳುತ್ತಾರೆ, ಕೆಳಗಿನವರನ್ನು ಜತೆಗೆ ಕೂರಿಸಿದರೆ ಮೇಲಿನವರು ಬರುವುದಿಲ್ಲ. 1844ರಲ್ಲಿ ಆನಂದರಾವ್ ಕೌಂಡಿನ್ಯರೂ ಇನ್ನಿಬ್ಬರು ತರುಣರೂ ದೀಕ್ಷಾಸ್ನಾನ ಪಡೆದಾಗ ಊರು ಕೆರಳಿತು, ಶಾಲೆ ಬರಿದಾಯಿತು. ಯಾರಿಗಾಗಿ ಬಾಗಿಲನ್ನು ಕಿರಿದು ಮಾಡಲಾಗಿತ್ತೋ ಅವರೇ ಹೊರಟುಹೋದರು. ಆ ಕೌಂಡಿನ್ಯರು ಬಾಸೆಲಿನಲ್ಲಿ ಓದಿ ಬೋಧಕರಾಗಿ ಹಿಂದಿರುಗಿ, ಮುಂದೆ ಕೊಡಗಿನ ಆನಂದಪುರದಲ್ಲಿ ಹೊಲೆಯ ವಿಶ್ವಾಸಿಗಳ ನೆಲೆಗಾಗಿ ದುಡಿದರು. ಮಿಷನ್ನಿನ ಲೆಕ್ಕಾಚಾರಕ್ಕೆ ಅದರ ಅತ್ಯುತ್ತಮ ಶಿಷ್ಯನು ಕೊಟ್ಟ ಉತ್ತರವಾಗಿ ನಾವು ಇದನ್ನು ಓದುತ್ತೇವೆ.

ಬಾಗಿಲಿನ ಪ್ರಶ್ನೆ ಸರ್ಕಾರದ ಮೇಜಿಗೆ ನೇರವಾಗಿ ಬಂದದ್ದು ಧಾರವಾಡದಲ್ಲಿ. 1856ರ ಜೂನಿನಲ್ಲಿ ಮಹಾರ ಜಾತಿಯ ಹುಡುಗನೊಬ್ಬ, ಅಲ್ಲಿಯ ಸರ್ಕಾರಿ ಶಾಲೆಯಲ್ಲಿ ತನಗೆ ಪ್ರವೇಶ ಸಿಕ್ಕಿಲ್ಲವೆಂದು ಮುಂಬಯಿ ಸರ್ಕಾರಕ್ಕೆ ಅರ್ಜಿ ಕೊಟ್ಟನು. ಸರ್ಕಾರ ಅರ್ಜಿಯನ್ನು ತಳ್ಳಿಹಾಕಿತು. ತಳ್ಳಿದ ರೀತಿ ಗಮನಾರ್ಹ. ತಾತ್ವಿಕವಾಗಿ ನ್ಯಾಯ ಹುಡುಗನ ಕಡೆಗಿದೆ ಎಂದು ಒಪ್ಪಿಕೊಂಡೇ, ಒಬ್ಬಿಬ್ಬರಿಗಾಗಿ ಶಾಲೆಯನ್ನು ಬಹುಜನರಿಗೆ ನಿರುಪಯುಕ್ತಗೊಳಿಸಲಾಗದು ಎಂದು ಅದು ಹೇಳಿತು. ಗವರ್ನರ್ ಜನರಲರ ಸರ್ಕಾರ ಇದನ್ನು ಮೆಚ್ಚಲಿಲ್ಲ. 1858ರಲ್ಲಿ ಕಂಪನಿಯ ನಿರ್ದೇಶಕ ಮಂಡಳಿ, ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂಬ ತತ್ವವನ್ನು ಎತ್ತಿಹಿಡಿಯಿತು. ಅನಂತರ ಮುಂಬಯಿ ಸರ್ಕಾರ ಹೊರಡಿಸಿದ ಪ್ರಕಟಣೆಯಲ್ಲಿ ಒಂದು ಸೂಕ್ಷ್ಮವಿದೆ. ಪೂರ್ತಿಯಾಗಿ ಸರ್ಕಾರದ ಖರ್ಚಿನಲ್ಲೇ ನಡೆಯುವ ಶಾಲೆ ಎಲ್ಲರಿಗೂ ತೆರೆದಿರತಕ್ಕದ್ದು. ಇತರರ ಹಣವೂ ಸೇರಿ ನಡೆಯುವ ಶಾಲೆ ಜಾತಿಯ ಕಾರಣದಿಂದ ಯಾರನ್ನಾದರೂ ಹೊರಗಿಟ್ಟರೆ, ಅದಕ್ಕೆ ಕೊಡುವ ನೆರವನ್ನು ನಿಲ್ಲಿಸುವ ಹಕ್ಕು ಮಾತ್ರ ಸರ್ಕಾರದ್ದು. ಅಂದರೆ ಹಣ ಯಾರದೋ ಬಾಗಿಲೂ ಅವರದೇ ಎಂಬ ನಿಯಮಕ್ಕೆ ಅಲ್ಲಿ ಅಧಿಕೃತ ಮುದ್ರೆ ಬಿತ್ತು. ಡಾ. ಬಿ. ಆರ್. ಅಂಬೇಡ್ಕರರು 1928ರಲ್ಲಿ ಸೈಮನ್ ಆಯೋಗಕ್ಕೆ ಸಲ್ಲಿಸಿದ ಹೇಳಿಕೆಯಲ್ಲಿ ಈ ಧಾರವಾಡದ ಪ್ರಕರಣವನ್ನೇ ಎತ್ತಿ ತೋರಿಸಿದರು. ನಮ್ಮ ಸೆಮಿನರಿಗಳ ಸಭಾಚರಿತ್ರೆಯ ಪಾಠದಲ್ಲಿ ಅದಕ್ಕೆ ಸ್ಥಾನವಿರಬೇಕಿತ್ತು.

ಈಗ ಬೀದರಿಗೆ ಬರೋಣ. ಮಂಗಳೂರು, ಧಾರವಾಡಗಳಂತೆ ಬೀದರ್ ಬ್ರಿಟಿಷರ ನೇರ ಆಳ್ವಿಕೆಗೆ ಒಳಪಟ್ಟಿರಲಿಲ್ಲ; 1948ರವರೆಗೆ ಅದು ನಿಜಾಮರ ಸಂಸ್ಥಾನ. ಆದರೂ ಕಾಲನಿ ಎಂಬ ಮಾತು ಇಲ್ಲಿ ಇನ್ನೊಂದು ಅರ್ಥದಲ್ಲಿ ಜೀವಂತವಾಗಿದೆ. ವಸಾಹತನ್ನು ಸೂಚಿಸುವ ಆ ಇಂಗ್ಲಿಷ್ ಪದವೇ ಕನ್ನಡದ ಬಾಯಲ್ಲಿ ಊರ ಹೊರಗಿನ ದಲಿತರ ಬಡಾವಣೆಯ ಹೆಸರಾಯಿತು. ಪರಂಗಿಯವರು ಹೋದರು, ಕಾಲನಿ ಉಳಿಯಿತು. ಬೀದರ್, ಭಾಲ್ಕಿ, ಔರಾದ ಭಾಗದ ಮೆಥೊಡಿಸ್ಟ್ ಸಭೆ ಬಹುಪಾಲು ಮಾದಿಗ ಮತ್ತು ಹೊಲೆಯ ಕುಟುಂಬಗಳಿಂದ ಬೆಳೆದ ಸಭೆ. ಹೊರದೇಶದ ವಿಶ್ವಾಸಿಗಳ ಕಾಣಿಕೆಯಿಂದ ಇಲ್ಲಿ ಶಾಲೆ, ವಸತಿಗೃಹಗಳು ಎದ್ದಾಗ ಮೊದಲು ಎಣಿಸಿದ್ದು ಈ ಮಕ್ಕಳನ್ನೇ.

ಇಂದು ಡಾಬಕಾದಂಥ ಗಡಿಯ ಹೋಬಳಿಯಿಂದ ಒಂದು ಮಗು ಪಟ್ಟಣದ ಕ್ರೈಸ್ತ ಆಡಳಿತದ ಇಂಗ್ಲಿಷ್ ಮಾಧ್ಯಮ ಶಾಲೆಯ ಬಾಗಿಲಿಗೆ ಬಂದರೆ ಏನಾಗುತ್ತದೆ? ಮನೆಯಲ್ಲಿ ಮರಾಠಿ ಬೆರೆತ ಮಾತು, ಊರಿನ ಶಾಲೆಯಲ್ಲಿ ಕನ್ನಡ, ಪ್ರವೇಶದ ಪರೀಕ್ಷೆ ಇಂಗ್ಲಿಷಿನಲ್ಲಿ. ಶುಲ್ಕವನ್ನು ಬದಿಗಿಟ್ಟರೂ ಇನ್ನೊಂದು ತೊಡಕಿದೆ. ಸಭಾಪಾಲಕರು ಅದನ್ನು ಚೆನ್ನಾಗಿ ಬಲ್ಲರು. 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೆಯ ಕಂಡಿಕೆ ಹಿಂದೂಗಳಿಗೆ ಮಾತ್ರ ಪರಿಶಿಷ್ಟ ಜಾತಿಯ ಸ್ಥಾನ ಕೊಟ್ಟಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು. ಕ್ರೈಸ್ತರು ಹೊರಗೆ ಉಳಿದರು. ಕರ್ನಾಟಕದಲ್ಲಿ ಕ್ರೈಸ್ತರಾದ ಪರಿಶಿಷ್ಟರಿಗೆ ಪ್ರವರ್ಗ-1ರಲ್ಲಿ ಸ್ಥಾನವಿದೆ, ಆದರೆ ಅದು ಪರಿಶಿಷ್ಟರ ಸೌಲಭ್ಯಕ್ಕೆ ಸಮನಲ್ಲ. ಹೀಗಾಗಿ ಎಷ್ಟೋ ಕುಟುಂಬಗಳಿಗೆ ಸಭೆಯ ಪುಸ್ತಕದಲ್ಲಿ ಒಂದು ಗುರುತು, ಶಾಲೆಯ ಪುಸ್ತಕದಲ್ಲಿ ಇನ್ನೊಂದು. ಮಗುವಿನ ವಿದ್ಯಾರ್ಥಿವೇತನ ಉಳಿಯಬೇಕಾದರೆ ಹಿಂದೂ ಎಂದು ಬರೆಸಬೇಕು. ಕ್ರೈಸ್ತ ಶಾಲೆಯಲ್ಲಿ ಕ್ರೈಸ್ತರಿಗಿರುವ ಆದ್ಯತೆ ಸಿಗಬೇಕಾದರೆ ದೀಕ್ಷಾಸ್ನಾನದ ಪ್ರಮಾಣಪತ್ರ ತರಬೇಕು.

ಈ ಪ್ರಮಾಣಪತ್ರದ ಮುಂದೆ ನಾವು ಸ್ವಲ್ಪ ಹೊತ್ತು ನಿಲ್ಲಬೇಕಾಗಿದೆ. ಸಂಸ್ಕಾರವೊಂದು ಇಲ್ಲಿ ಪ್ರವೇಶದ ಚೀಟಿಯಾಗಿದೆ. ಯೌವನಸ್ಥ ಸಭಾಪಾಲಕನೊಬ್ಬನು ಮೇ ತಿಂಗಳಲ್ಲಿ ಬರೆದುಕೊಡುವ ಪತ್ರಗಳಲ್ಲಿ ಎಷ್ಟು ವಿಶ್ವಾಸದ ಸಾಕ್ಷಿ, ಎಷ್ಟು ಶಾಲಾ ಕಚೇರಿಯ ಕಾಗದ ಎಂದು ಅವನೇ ಹೇಳಲಾರನು. ಪತ್ರ ಕೊಟ್ಟರೆ ಮಗುವಿನ ವಿದ್ಯಾರ್ಥಿವೇತನಕ್ಕೆ ಕುತ್ತು, ಕೊಡದಿದ್ದರೆ ಶಾಲೆಯ ಬಾಗಿಲಿಗೆ ಅಗಳಿ. ಆ ಕುಟುಂಬವನ್ನು ಎರಡು ಮನಸ್ಸಿನವರೆಂದು ಪೀಠದಿಂದ ಗದರಿಸುವುದು ಸುಲಭ. ಅವರನ್ನು ಆ ಇಕ್ಕಟ್ಟಿಗೆ ದೂಡಿದ್ದು ಅರ್ಧ ರಾಜ್ಯಶಾಸನ, ಅರ್ಧ ನಮ್ಮದೇ ಶಾಲೆಯ ಅರ್ಜಿ ನಮೂನೆ.

ಕಾನೂನಿನ ಮಾತನ್ನೂ ಆಡಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ, ಖಾಸಗಿ ಅನುದಾನರಹಿತ ಶಾಲೆಗಳು ಒಂದನೆಯ ತರಗತಿಯ ಕನಿಷ್ಠ 25 ಪ್ರತಿಶತ ಸ್ಥಾನಗಳನ್ನು ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕೆಂದು ವಿಧಿಸಿತು. 2014ರ ಪ್ರಮತಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಸಂವಿಧಾನದ 30ನೆಯ ವಿಧಿಯ ಆಧಾರದಲ್ಲಿ ಅಲ್ಪಸಂಖ್ಯಾತ ಶಾಲೆಗಳನ್ನು ಈ ಕಾಯ್ದೆಯಿಂದ ಹೊರಗಿಟ್ಟಿತು. 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಬಗೆಗೆ ಸಂದೇಹ ತೋರಿ, ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಡುವಂತೆ ಹೇಳಿದೆ. 30ನೆಯ ವಿಧಿ ನಮಗೆ ಅಮೂಲ್ಯ; ಅದನ್ನು ದುರ್ಬಲಗೊಳಿಸಲು ಕಾದಿರುವವರೂ ಇದ್ದಾರೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ವಿನಾಯಿತಿ ನಿಷೇಧವಲ್ಲ. ಕಾಯ್ದೆ ಬಲವಂತಪಡಿಸದಿದ್ದರೂ ಕಾಲನಿಯ ಮಗುವಿಗೆ ಬಾಗಿಲು ತೆರೆಯಲು ಯಾವ ನ್ಯಾಯಾಲಯವೂ ಅಡ್ಡಿಪಡಿಸಿಲ್ಲ. ಬಡಮಕ್ಕಳು ಹೆಚ್ಚಾದರೆ ಶುಲ್ಕ ಕೊಡುವ ಪಾಲಕರು ಬೇರೆ ಶಾಲೆಗೆ ಹೋಗುತ್ತಾರೆ ಎಂಬ ಆಡಳಿತ ಮಂಡಳಿಗಳ ವಾದವನ್ನು ಕೇಳಿದಾಗ ನಮಗೆ 1856ರ ಮುಂಬಯಿ ಸರ್ಕಾರದ ಉತ್ತರ ನೆನಪಾಗುತ್ತದೆ. ವಾಕ್ಯದ ಕಟ್ಟು ಸಹ ಅದೇ: ನ್ಯಾಯ ಅವರ ಕಡೆಗಿದೆ, ಆದರೆ ಸಂಸ್ಥೆ ಉಳಿಯಬೇಕಲ್ಲ.

ಯಾಕೋಬನು ತನ್ನ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಕೂಟಕ್ಕೆ ಬಂದ ಇಬ್ಬರನ್ನು ನಮ್ಮ ಕಣ್ಣ ಮುಂದೆ ನಿಲ್ಲಿಸುತ್ತಾನೆ. ಒಬ್ಬನ ಬೆರಳಲ್ಲಿ ಚಿನ್ನದ ಉಂಗುರ, ಇನ್ನೊಬ್ಬನ ಮೈಮೇಲೆ ಕೊಳಕು ಬಟ್ಟೆ. ವ್ಯಾಖ್ಯಾನಕಾರರು ಇಲ್ಲಿ ಸಾಮಾನ್ಯವಾಗಿ ಮನಸ್ಸಿನ ಪಕ್ಷಪಾತದ ಬಗೆಗೆ ಬರೆಯುತ್ತಾರೆ. ಅಪೊಸ್ತಲನಾದರೋ ಆಸನದ ಬಗೆಗೆ ಬರೆದಿದ್ದಾನೆ: ಯಾರಿಗೆ ಒಳ್ಳೆಯ ಸ್ಥಳ, ಯಾರು ನಿಲ್ಲಬೇಕು, ಯಾರು ಕಾಲಬಳಿ ಕೂರಬೇಕು. ದಾನದ ಬಗೆಗೆ ಪೌಲನು 2 ಕೊರಿಂಥದ ಎಂಟು, ಒಂಬತ್ತನೆಯ ಅಧ್ಯಾಯಗಳಲ್ಲಿ ಹೇಳಿರುವುದೂ ಇಲ್ಲಿ ಸೇರಬೇಕು. ಕಡುಬಡತನದ ಮಕೆದೋನ್ಯದವರು ಯೆರೂಸಲೇಮಿನವರಿಗಾಗಿ ಕೂಡಿಸಿದ ಹಣಕ್ಕೆ ಪ್ರತಿಯಾಗಿ ಅಲ್ಲಿಯ ಸಭೆಯ ಮೇಲೆ ಯಾವ ಅಧಿಕಾರವನ್ನೂ ಕೇಳಲಿಲ್ಲ. ಅವರ ಮುಂದೆ 1858ರ ಪ್ರಕಟಣೆಯನ್ನು ಇಟ್ಟು ನೋಡಿದರೆ, ಕೊಟ್ಟವನು ಬಾಗಿಲ ಒಡೆಯನಾಗುವ ನಿಯಮ ಸುವಾರ್ತೆಗೆ ಎಷ್ಟು ಪರಕೀಯವೆಂದು ತಿಳಿಯುತ್ತದೆ.

ಹಣದ ಕೊರತೆ ನಿಜವಾದದ್ದು. ಹೊರದೇಶದ ಕಾಣಿಕೆ ಬತ್ತುತ್ತಿದೆ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಮಾಡಿದ ತಿದ್ದುಪಡಿ, ಒಂದು ಸಂಸ್ಥೆ ಪಡೆದ ಹಣವನ್ನು ಇನ್ನೊಂದಕ್ಕೆ ದಾಟಿಸುವುದನ್ನೇ ತಡೆದಿದೆ. ಶಿಕ್ಷಕರ ಸಂಬಳ ಶುಲ್ಕದಿಂದಲೇ ಹೊರಡಬೇಕು. ವಿನಾಯಿತಿ ಪಡೆದ ಶಾಲೆ ತಾನಾಗಿ ಬಡಮಗುವನ್ನು ಸೇರಿಸಿಕೊಂಡರೆ ಸರ್ಕಾರ ಆ ಖರ್ಚನ್ನು ತುಂಬಿಕೊಡುವುದೂ ಇಲ್ಲ. ಆದುದರಿಂದ ಎಲ್ಲರಿಗೂ ಉಚಿತ ಎಂಬ ಘೋಷಣೆಯನ್ನು ನಾವು ಬೇಡುತ್ತಿಲ್ಲ. ಪ್ರವೇಶದ ಅರ್ಜಿಯಿಂದ ದೀಕ್ಷಾಸ್ನಾನದ ಪ್ರಮಾಣಪತ್ರದ ಕಲಮನ್ನು ತೆಗೆಯಬಹುದು. ಒಂದನೆಯ ತರಗತಿಯ ಇಂತಿಷ್ಟು ಸ್ಥಾನಗಳು ಇಂತಿಂಥ ಕಾಲನಿಯ ಮನೆಗಳಿಗೆ, ಆ ಮನೆಯವರು ನಮ್ಮ ಸಭೆಗೆ ಬರಲಿ ಬಿಡಲಿ, ಎಂದು ಸೂಚನಾ ಫಲಕದಲ್ಲಿ ಬರೆಯಬಹುದು. ಆ ಮಕ್ಕಳ ಶುಲ್ಕವನ್ನು ಸುಗ್ಗಿಯ ಕಾಣಿಕೆಯಿಂದ ಭರಿಸಬಹುದು. ಔರಾದ ಭಾಗದ ಹಳ್ಳಿಯ ಸಭೆಗಳಲ್ಲಿ ಜೋಳ, ತೊಗರಿ, ಕೋಳಿಮೊಟ್ಟೆಗಳನ್ನು ತಂದು ಪೀಠದ ಮುಂದೆ ಇಡುವವರು ಕೂಲಿಯ ಹೆಂಗಸರೇ. ಅವರ ಹಿಡಿ ಜೋಳ ಬಾಸೆಲಿನ ಅರ್ಧ ಬಾತ್ಸನ್ನಿಗಿಂತ ಕಡಿಮೆಯದಲ್ಲ. ಅದರ ಒಂದು ಪಾಲು ಕಾಲನಿಯ ಮಕ್ಕಳ ಹೆಸರಿನಲ್ಲಿ ಪ್ರತ್ಯೇಕವಾಗಿ ಸಭೆಯ ಲೆಕ್ಕದಲ್ಲಿ ಕಾಣಲಿ. ವರ್ಷದ ಕೊನೆಗೆ ಶಾಲೆಯ ಮುಖ್ಯೋಪಾಧ್ಯಾಯರು ಎಷ್ಟು ಮಕ್ಕಳು ಸೇರಿದರು, ಎಷ್ಟು ಮಕ್ಕಳು ಉಳಿದರು ಎಂದು ಅದೇ ಹೆಂಗಸರ ಮುಂದೆ ಓದಿ ಹೇಳಲಿ.