ರಿಲೇ ಕೊಠಡಿಯ ಎರಡು ಬೀಗ

ರೈಲು ನಿಲ್ದಾಣದ ಬಾಗಿಲು ತೆರೆಯುವುದು, ಬೀಗ ಹಾಕುವುದು ಯಾರಾದರೂ ಮಾಡಬಹುದಾದ ಕೆಲಸ ಎನ್ನುವವರು ಮಂಗಳೂರು–ಹಾಸನ ಮಾರ್ಗವನ್ನು ನೋಡಬೇಕು. ಸುಳ್ಯ ಪೇಟೆಗೆ ರೈಲೇ ಇಲ್ಲ. ಅಲ್ಲಿನವರು ಈ ಮಾರ್ಗದ ಕಬಕ ಪುತ್ತೂರಿಗೋ, ಈಗ ಕಡಬ ತಾಲೂಕಿನಲ್ಲಿರುವ ನೆಟ್ಟಣದ ಸುಬ್ರಹ್ಮಣ್ಯ ರೋಡ್‌ಗೋ ಬರಬೇಕು. ಇಂಥ ನಿಲ್ದಾಣಗಳಿಗೆ ಪೂರ್ತಿ ಬೀಗ ಬೀಳುವುದೇ ಇಲ್ಲ. ಪಾಳಿ ಬದಲಾಗುವಾಗ ಸ್ಟೇಷನ್ ಮಾಸ್ಟರರು ಯಾವ ಹಳಿಯಲ್ಲಿ ಯಾವ ಗಾಡಿ ನಿಂತಿದೆ, ಯಾವ ಸಿಗ್ನಲ್ ಕೆಟ್ಟಿದೆ ಎಂದು ಪುಸ್ತಕದಲ್ಲಿ ಬರೆದು, ಸಹಿ ಹಾಕಿ ಮುಂದಿನವರಿಗೆ ವಹಿಸುತ್ತಾರೆ. ಸಿಗ್ನಲ್‌ಗಳನ್ನು ನಿಯಂತ್ರಿಸುವ ಉಪಕರಣಗಳಿರುವ ರಿಲೇ ಕೊಠಡಿಗಂತೂ ಎರಡು ಬೀಗ: ಒಂದರ ಕೀಲಿಕೈ ಸ್ಟೇಷನ್ ಮಾಸ್ಟರರಲ್ಲಿ, ಇನ್ನೊಂದರದು ಸಿಗ್ನಲ್ ವಿಭಾಗದವರಲ್ಲಿ. ಒಬ್ಬರೇ ತೆರೆಯುವಂತಿಲ್ಲ, ಕೀಲಿಕೈ ಕೊಟ್ಟ ಹೊತ್ತು, ಕಾರಣ ಎರಡೂ ದಾಖಲಾಗಬೇಕು. ಒಳಗೆ ಒಂದು ತಂತಿ ತಪ್ಪಾಗಿ ಜೋಡಣೆಯಾದರೆ ಕೆಂಪು ತೋರಬೇಕಾದ ದೀಪ ಹಸಿರು ತೋರೀತು. ಇಷ್ಟು ಬಿಗಿಗೆ ಬೇರೆ ಕಾರಣ ಬೇಕೆ?

ಎಲ್ಲವನ್ನೂ ಯಂತ್ರವೇ ನೋಡಿಕೊಳ್ಳುವಾಗ ಮನುಷ್ಯನ ಕೌಶಲವೇನು ಎಂಬ ಆಕ್ಷೇಪ ಪೊಳ್ಳಲ್ಲ. ಹಳಿಯ ಜೋಡಣೆಗೂ ಸಿಗ್ನಲ್‌ಗೂ ತಾಳೆಯಿಲ್ಲದಂತಾಗುವುದನ್ನು ತಡೆಯುವ ಇಂಟರ್‌ಲಾಕಿಂಗ್ ಬಂದ ಮೇಲೆ ಎಷ್ಟೋ ತಪ್ಪುಗಳಿಗೆ ಅವಕಾಶವೇ ಇಲ್ಲವಾಗಿದೆ. ಆದರೆ ಯಂತ್ರ ಕೆಟ್ಟಾಗ, ರಿಪೇರಿಗೆಂದು ಅದನ್ನು ಬಿಚ್ಚಿದಾಗ ಆಸರೆಯಾಗುವುದು ಆ ಪುಸ್ತಕ, ಆ ಸಹಿ, ಬರೆದವರ ಎಚ್ಚರ. ಇದೇ ಮಾರ್ಗದಲ್ಲಿ ಘಟ್ಟದ ಕಾಡಿನೊಳಗಿನ ಎಡಕುಮೇರಿ ನಿಲ್ದಾಣದಲ್ಲಿ ಮಳೆಗಾಲದ ರಾತ್ರಿ ಸಹಾಯಕ್ಕೆ ಯಾರೂ ಥಟ್ಟನೆ ಬರಲಾರರು. ಸಣ್ಣ ನಿಲ್ದಾಣದಲ್ಲಿ ಟಿಕೆಟ್ ಕಿಂಡಿ ಮುಚ್ಚುವುದೂ ಬರಿಯ ಬಾಗಿಲೆಳೆಯುವ ಕೆಲಸವಲ್ಲ. ಕೊನೆಯ ಟಿಕೆಟಿನ ಸಂಖ್ಯೆಗೂ ಪೆಟ್ಟಿಗೆಯ ಹಣಕ್ಕೂ ತಾಳೆಯಾಗಬೇಕು. ನಿಲ್ದಾಣದ ಅಭಿವೃದ್ಧಿಗೆ ಮನವಿ ಕೊಡುವವರು ಹೊಸ ಚಾವಣಿಯ ಜೊತೆಗೆ ಈ ಸಿಬ್ಬಂದಿಗೆ ಒಳ್ಳೆಯ ವಸತಿ, ಸಾಕಷ್ಟು ವಿಶ್ರಾಂತಿಯನ್ನೂ ಕೇಳಲಿ.