ಕಂಬದಿಂದ ಕಾಲೇಜಿಗೆ

ಕುಷ್ಟಗಿಯಲ್ಲೋ ಯಲಬುರ್ಗಾದಲ್ಲೋ ಎಂಟನೇ ತರಗತಿ ಓದುವ ಹುಡುಗಿ ಜಿಮ್ನಾಸ್ಟಿಕ್ಸ್ ಕಲಿತು ವಿಶ್ವವಿದ್ಯಾಲಯದ ತಂಡ ಸೇರಬೇಕೆಂದರೆ ಏನು ಮಾಡಬೇಕು? ಒಳಾಂಗಣ ಕ್ರೀಡಾಂಗಣ ಕಟ್ಟಲಿ, ಸಲಕರಣೆ ಬರಲಿ, ತರಬೇತುದಾರರು ನೇಮಕವಾಗಲಿ ಎಂದು ಕಾದರೆ ಅಷ್ಟರಲ್ಲಿ ಅವಳ ಪದವಿಯೇ ಮುಗಿದಿರುತ್ತದೆ. ಕೊಪ್ಪಳ ಜಿಲ್ಲೆಯ ಮಕ್ಕಳಿಗೆ ಈ ದಾರಿ ಮಲ್ಲಕಂಬದಿಂದಲೇ ಶುರುವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಅಂತರ ವಿಶ್ವವಿದ್ಯಾಲಯ ಸ್ಪರ್ಧೆಗಳಲ್ಲಿ ಜಿಮ್ನಾಸ್ಟಿಕ್ಸ್‌ಗೆ ಇರುವಂತೆ ಮಲ್ಲಕಂಬಕ್ಕೂ ಜಾಗವಿದೆ. 2022ರಲ್ಲಿ ಪಂಚಕುಲದ ಖೇಲೋ ಇಂಡಿಯಾ ಯುವ ಕ್ರೀಡಾಕೂಟಕ್ಕೂ ಗುಜರಾತಿನ ರಾಷ್ಟ್ರೀಯ ಕ್ರೀಡಾಕೂಟಕ್ಕೂ ಅದು ಸೇರಿತು. ಹೈಸ್ಕೂಲಿನ ಅಂಗಳದಲ್ಲಿ ನೆಟ್ಟ ಕಂಬಕ್ಕೂ ವಿಶ್ವವಿದ್ಯಾಲಯದ ಪದಕಕ್ಕೂ ನಡುವೆ ಈಗ ನೇರ ದಾರಿ ಇದೆ.

ಜಿಮ್ನಾಸ್ಟಿಕ್ಸ್ ವಯಸ್ಸನ್ನು ಕೇಳುವ ಕ್ರೀಡೆ. ಅಗರ್ತಲಾದ ದೀಪಾ ಕರ್ಮಾಕರ್ ಕಲಿಯಲು ತೊಡಗಿದ್ದು ಆರನೇ ವಯಸ್ಸಿನಲ್ಲಿ. 2016ರ ರಿಯೋ ಒಲಿಂಪಿಕ್ಸ್‌ನ ವಾಲ್ಟ್‌ನಲ್ಲಿ 15.066 ಅಂಕ ಗಳಿಸಿ, ಬರೀ 0.15 ಅಂಕದಲ್ಲಿ ಕಂಚು ತಪ್ಪಿ, ನಾಲ್ಕನೆಯವರಾದಾಗ ಆ ಜಿಗಿತದ ಹಿಂದೆ ಹದಿನೈದು ವರ್ಷಕ್ಕೂ ಹೆಚ್ಚಿನ ಸಾಧನೆ ಇತ್ತು. ಗಂಡುಮಕ್ಕಳಿಗೆ ಆರು, ಹೆಣ್ಣುಮಕ್ಕಳಿಗೆ ನಾಲ್ಕು ವಿಭಾಗ. ಬಹುಪಾಲು ಒಂದೊಂದಕ್ಕೂ ಬೇರೆ ಸಲಕರಣೆ, ಬೇರೆ ಹಾಸು. ಹದಿಮೂರರ ಮಗುವನ್ನು ಏನೂ ಇಲ್ಲದ ಊರಿನಲ್ಲಿ ಇದಕ್ಕೆ ಹಚ್ಚಿ ಐದು ವರ್ಷದಲ್ಲಿ ಫಲ ಕೇಳುವುದು ಆ ಮಗುವಿಗೆ ಮಾಡುವ ಅನ್ಯಾಯ.

ಮಲ್ಲಕಂಬಕ್ಕೆ ಬೇಕಾದದ್ದು ನೆಲದಿಂದ ಸುಮಾರು 2.6 ಮೀಟರ್ ಮೇಲೆ ನಿಲ್ಲುವ, ಬುಡದಲ್ಲಿ ದಪ್ಪಗಿದ್ದು ಮೇಲಕ್ಕೆ ಹೋದಂತೆ ಸಪೂರವಾಗುವ, ನೆತ್ತಿಯಲ್ಲಿ ಗುಂಡು ಇರುವ ಒಂದು ಮರದ ಕಂಬ. ಅಳತೆ ಕೊಟ್ಟರೆ ಊರ ಬಡಗಿ ಕೆತ್ತಿಕೊಡಬಲ್ಲ. ಮೈ ಸಲೀಸಾಗಿ ಜಾರಲಿ, ಚರ್ಮ ಕೀಳದಿರಲಿ ಎಂದು ಅದಕ್ಕೆ ಔಡಲ ಎಣ್ಣೆ ಹಚ್ಚುತ್ತಾರೆ. ಎಣ್ಣೆ ಹಚ್ಚಿದ ಕಂಬವನ್ನು ಅಂಗೈ ಒಂದರಿಂದಲೇ ಹಿಡಿಯಲಾಗದು. ತೊಡೆ, ಕಂಕುಳು, ಮೊಣಕಾಲ ಸಂದು, ಹೊಟ್ಟೆ ಎಲ್ಲವೂ ಹಿಡಿತ ಕಲಿಯಬೇಕು. ತಲೆಕೆಳಗಾದಾಗ ದಿಕ್ಕು ತಪ್ಪದಿರುವುದು, ಭುಜದ ಮೇಲೆ ಮೈಭಾರ ಹೊರುವುದು, ಸೊಂಟ ತಿರುಗಿಸಿ ಕಾಲು ಬಿಡಿಸುವುದು, ಕಂಬದ ತುದಿಯ ಅಂಗೈ ಅಗಲದ ಜಾಗದಲ್ಲಿ ಸ್ಥಿರವಾಗಿ ನಿಲ್ಲುವುದು, ಇವೇ ಜಿಮ್ನಾಸ್ಟ್‌ಗೂ ಬೇಕಾದ ಬಂಡವಾಳ. ಹಗ್ಗದ ಮಲ್ಲಕಂಬ ಇನ್ನೂ ಸೂಕ್ಷ್ಮ: ಕಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದಿನಲ್ಲಿ ಹಗ್ಗ ಹಿಡಿದು ಮೇಲೇರಿ, ಗಂಟು ಹಾಕದೆ ಹಗ್ಗವನ್ನು ಮೈಗೆ ಸುತ್ತಿಕೊಂಡು ಆಸನ ಕಟ್ಟಬೇಕು. ಹೆಣ್ಣುಮಕ್ಕಳು ಹೆಚ್ಚಾಗಿ ಬೆಳೆಸಿದ ಪ್ರಕಾರ ಇದು. ಗಂಗಾವತಿಯ ಶಾಲೆಯೊಂದಕ್ಕೆ ಬೇವಿನ ಮರದ ಗಟ್ಟಿ ಕೊಂಬೆ, ಒಳ್ಳೆಯ ನೂಲಿನ ಹಗ್ಗ, ಕೆಳಗೆ ದಪ್ಪ ಹಾಸು, ತಿಳಿದ ಶಿಕ್ಷಕರೊಬ್ಬರು ಇದ್ದರೆ ಶುರು ಮಾಡಲು ಸಾಕು.

ಇದು ಮರಾಠಿ ನೆಲದ ವಿದ್ಯೆ, ನಮಗೇಕೆ ಎಂಬ ಮಾತು ಆಗಾಗ ಬರುತ್ತದೆ. ಎರಡನೇ ಬಾಜೀರಾಯನ ಕಾಲದಲ್ಲಿ ಬಾಳಂಭಟ್ಟ ದೇವಧರರು ಇದಕ್ಕೆ ಮರುಜೀವ ಕೊಟ್ಟದ್ದು ನಿಜ. ಆದರೆ ಮಲ್ಲಕಂಬದ ಅತ್ಯಂತ ಹಳೆಯ ಉಲ್ಲೇಖ ಎಂದು ಸಾಮಾನ್ಯವಾಗಿ ತೋರಿಸುವುದು ಹನ್ನೆರಡನೇ ಶತಮಾನದ ‘ಮಾನಸೋಲ್ಲಾಸ’ವನ್ನು. ಅದನ್ನು ರಚಿಸಿದವನು ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದ ಇಟಗಿಯಲ್ಲಿ ದಂಡನಾಯಕ ಮಹಾದೇವನು 1112ರಲ್ಲಿ ದೇವಾಲಯ ಕಟ್ಟಿಸಿದ್ದು ಇದೇ ಸೋಮೇಶ್ವರನ ತಂದೆ ಆರನೇ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ. ಆನೆಗೊಂದಿಯ ಅಂಜನಾದ್ರಿಯನ್ನು ಹನುಮನ ಜನ್ಮಸ್ಥಳವೆಂದು ನಂಬಿ, ಗರಡಿಯಲ್ಲಿ ಅವನಿಗೇ ಮೊದಲು ಕೈಮುಗಿಯುವ ಈ ಸೀಮೆಗೆ ಕಂಬ ಹೊರಗಿನದಾಗಲು ಹೇಗೆ ಸಾಧ್ಯ?

ಇದಕ್ಕಿಂತ ತೂಕದ ಆಕ್ಷೇಪ ಬೇರೊಂದಿದೆ. ಮಲ್ಲಕಂಬ ಒಲಿಂಪಿಕ್ಸ್‌ನಲ್ಲಿಲ್ಲ, ಓಡಿಬಂದು ಲಾಗ ಹಾಕುವುದನ್ನು, ವಾಲ್ಟ್ ಜಿಗಿದು ಎರಡೂ ಪಾದದ ಮೇಲೆ ಅಲುಗದೆ ಇಳಿಯುವುದನ್ನು ಅದು ಕಲಿಸುವುದಿಲ್ಲ. ಇದನ್ನು ಒಪ್ಪಲೇಬೇಕು. ಕಂಬದಿಂದ ವಾಲ್ಟ್‌ಗೆ ಹೋಗುವವರು ನೆಗೆತ ಮತ್ತು ಇಳಿತವನ್ನು ಹೊಸದಾಗಿಯೇ ಕಲಿಯಬೇಕು. ಆದರೆ ಇವೆರಡು ಬೇರೆ ಬೇರೆ ಲೋಕಗಳೇನಲ್ಲ. 1896ರಿಂದ 1932ರವರೆಗೆ ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಹಗ್ಗ ಹತ್ತುವುದು ಜಿಮ್ನಾಸ್ಟಿಕ್ಸ್‌ನ ಒಂದು ಸ್ಪರ್ಧೆಯೇ ಆಗಿತ್ತು. 1904ರಲ್ಲಿ ಅದರ ಚಿನ್ನ ಗೆದ್ದ ಅಮೆರಿಕದ ಜಾರ್ಜ್ ಐಸರ್‌ಗೆ ಒಂದು ಕಾಲು ಮರದ್ದು. ಅದೇ ಕೂಟದಲ್ಲಿ ಆತ ಪ್ಯಾರಲಲ್ ಬಾರ್ಸ್‌ನಲ್ಲೂ ಚಿನ್ನ ಗೆದ್ದ. ಹಗ್ಗದ ಮೇಲಿನ ತೋಳ್ಬಲ ಬಾರ್‌ಗಳ ಮೇಲೂ ಕೆಲಸಕ್ಕೆ ಬರುತ್ತದೆ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ತೋರದು. ಇನ್ನು ಮಾನ್ಯತೆಯ ಪ್ರಶ್ನೆ: ಉಜ್ಜಯಿನಿಯ ತರಬೇತುದಾರ ಯೋಗೇಶ್ ಮಾಲವೀಯ ಅವರಿಗೆ 2020ರ ದ್ರೋಣಾಚಾರ್ಯ, ಸಾಗರ್ ಓವ್ಹಾಳ್ಕರ್ ಅವರಿಗೆ 2022ರ ಅರ್ಜುನ ಪ್ರಶಸ್ತಿ ಸಂದಿರುವುದು ಮಲ್ಲಕಂಬಕ್ಕಾಗಿಯೇ.

ನಿಜವಾದ ತೊಡಕು ಹತ್ತನೇ ತರಗತಿಯ ಆಚೆಗೆ ಎದುರಾಗುತ್ತದೆ. ಪಿಯುಸಿ ಬಂತೆಂದರೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಆಟ ನಿಲ್ಲುತ್ತದೆ. ಸಿಇಟಿ, ನೀಟ್ ಎಂಬ ತಂದೆತಾಯಿಯರ ಆತಂಕ ಸುಳ್ಳಲ್ಲ. ದುಡಿದು ಓದಿಸುವವರ ಭಯವನ್ನು ಹಗುರಾಗಿ ಕಾಣಬಾರದು. ಆದರೂ ಒಂದು ಹೋಲಿಕೆ ನೋಡಿ. ಅಮೆರಿಕದಲ್ಲಿ ದೊಡ್ಡ ಕಾಲೇಜುಗಳ ಜಿಮ್ನಾಸ್ಟಿಕ್ಸ್ ತರಬೇತುದಾರರು ಹೈಸ್ಕೂಲ್ ಮಕ್ಕಳೊಂದಿಗೆ ನೇರವಾಗಿ ಮಾತಾಡಲು ನಿಯಮ ಅವಕಾಶ ಕೊಡುವುದೇ ಹತ್ತನೇ ತರಗತಿ ಮುಗಿದ ಜೂನ್ 15ರಿಂದ. ಅಲ್ಲಿ ಹುಡುಕಾಟ ಮೊದಲಾಗುವ ವಯಸ್ಸಿಗೆ ಇಲ್ಲಿ ನಾವು ಕಂಬಕ್ಕೆ ಬೆನ್ನು ತಿರುಗಿಸುತ್ತೇವೆ. ಆ ಎರಡು ವರ್ಷದಲ್ಲಿ ಮಗುವಿನ ಎತ್ತರ, ತೂಕ ಬದಲಾಗುತ್ತವೆ. ಸಾಧನೆ ಬಿಟ್ಟ ಮೈ ಹಳೆಯ ಹಿಡಿತವನ್ನೂ ಬಾಗುವಿಕೆಯನ್ನೂ ಕಳೆದುಕೊಳ್ಳುತ್ತದೆ. ಪದವಿಗೆ ಬಂದು ಮತ್ತೆ ಕಂಬ ಹತ್ತಿದರೆ ತಂಡದ ಆಯ್ಕೆಯ ಹೊತ್ತಿಗೆ ಹಳೆಯ ಮಟ್ಟಕ್ಕೆ ಮರಳುವುದೇ ಕಷ್ಟ. ದಿನಕ್ಕೆ ಮುಕ್ಕಾಲು ಗಂಟೆಯಂತೆ ವಾರಕ್ಕೆ ನಾಲ್ಕು ದಿನ ಕೊಟ್ಟರೆ ಹೊಸದು ಕಲಿಯದಿದ್ದರೂ ಕಲಿತದ್ದು ಉಳಿಯುತ್ತದೆ. ಅಷ್ಟರಿಂದ ಯಾರ ಓದೂ ಕೆಡದು.

2023ರಲ್ಲಿ ಕೊಪ್ಪಳಕ್ಕೆ ಪ್ರತ್ಯೇಕ ವಿಶ್ವವಿದ್ಯಾಲಯ ಬಂತು. ಬಳ್ಳಾರಿಯ ವಿಶ್ವವಿದ್ಯಾಲಯದ ವಿಶಾಲ ವ್ಯಾಪ್ತಿಯಲ್ಲಿ ಪೈಪೋಟಿ ನಡೆಸಬೇಕಿದ್ದ ನಮ್ಮ ಮಕ್ಕಳಿಗೆ ತಮ್ಮದೇ ಜಿಲ್ಲೆಯ ತಂಡ ಎಂಬ ಸಾಧ್ಯತೆ ತೆರೆದದ್ದು ಸಣ್ಣ ಸಂಗತಿಯಲ್ಲ. ಏಳೂ ತಾಲ್ಲೂಕುಗಳ ದೈಹಿಕ ಶಿಕ್ಷಣ ಶಿಕ್ಷಕರಲ್ಲಿ, ಶಾಲಾಭಿವೃದ್ಧಿ ಸಮಿತಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಬರುವ ಜೂನ್‌ನಲ್ಲಿ ಶಾಲೆ ತೆರೆಯುವ ಮುಂಚೆ ಹೋಬಳಿಗೆ ಒಂದು ಹೈಸ್ಕೂಲಿನಲ್ಲಾದರೂ ಕಂಬ ನೆಡಿಸಿ, ಪಕ್ಕದಲ್ಲಿ ಹುಡುಗಿಯರಿಗೊಂದು ಹಗ್ಗ ಇಳಿಬಿಡಿ. ಹತ್ತನೇ ತರಗತಿ ಮುಗಿಸಿದ ಮಕ್ಕಳು ಸಂಜೆ ಬಂದರೆ ಗೇಟು ಹಾಕಬೇಡಿ.